ಓಬಕ್ಕನ ಮನೆಯ ಹಳೇ ಇದ್ದಿಲು

ಓಬಕ್ಕನಿಗೆ ಆ ಮಾತು ಹೇಳಿದ್ದೆನೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ. ಹೇಳಿದ ಹಾಗೆ ನೆನಪಿದೆ. ಜಗಳೂರಿನ ಹತ್ತಿರದ ಅವರ ಮನೆಯ ಪಡಸಾಲೆಯಲ್ಲಿ ನಿಂತು, ಕೈಯಲ್ಲಿ ಇದ್ದಿಲಿನ ಬಟ್ಟೆಚೀಲ ಹಿಡಿದು, 'ಹಳೇದನ್ನು ಒಲೆಗೆ ಹಾಕಬೇಡಿ, ಹಲ್ಲುಜ್ಜಬೇಡಿ, ಪಾತ್ರೆ ಬೆಳಗಬೇಡಿ, ಒಂದು ಕಡೆ ಮುಚ್ಚಿಡಿ' ಎಂದು ಹೇಳುತ್ತಿರುವ ನನ್ನನ್ನು ನಾನೇ ಕಾಣಬಲ್ಲೆ. ತೊಂದರೆ ಏನೆಂದರೆ, ಆ ಚಿತ್ರದಲ್ಲಿ ನಾನು ನೀಲಿ ಗೀಟಿನ ಅಂಗಿ ತೊಟ್ಟಿದ್ದೇನೆ. ಆ ಅಂಗಿ ಕೊಂಡದ್ದು ಅದಾಗಿ ಆರು ತಿಂಗಳಿಗೆ. ಹಾಗಾದರೆ ಆ ನೆನಪನ್ನು ನನ್ನ ತಲೆ ಆಮೇಲೆ ಯಾವಾಗಲೋ ಹೊಲಿದು ಸಿದ್ಧಮಾಡಿಕೊಂಡಿದೆ. ಅಂಗಿಯನ್ನು ಹೊಲಿದುಕೊಂಡ ತಲೆ ಮಾತನ್ನೂ ಹೊಲಿದುಕೊಂಡಿರಬಹುದು.

ಈ ಜನವರಿಯಲ್ಲಿ ಶಿವಮೊಗ್ಗದಿಂದ ಹೊರಟಾಗ ಈ ಅನುಮಾನ ಇರಲಿಲ್ಲ. ಚನ್ನಗಿರಿಯಲ್ಲಿ ಇದ್ದಿಲು ತೆಗೆದುಕೊಂಡು, ಹೊನ್ನಾಳಿಯಲ್ಲಿ ತೊಳೆದು, ನ್ಯಾಮತಿಯಲ್ಲಿ ಹಳೆಯ ವಿದ್ಯಾರ್ಥಿನಿಯಿಂದ ಒಂದು ನೋಟ್‌ಬುಕ್ ಪಡೆದು, ಜಗಳೂರಿಗೆ ಹೋಗಿ ಹೊಸ ಇದ್ದಿಲು ಕೊಟ್ಟು, ನೀರಿನ ಮಾದರಿ ತುಂಬಿಕೊಂಡು ಬರುವುದು ಯೋಜನೆಯಾಗಿತ್ತು. ಮೂರು ದಿನ, ನಾಲ್ಕು ಊರು, ಒಂದು ಹೆಗಲಚೀಲ.

ಓಬಕ್ಕನ ಹಳ್ಳಿಯ ಹೆಸರು ಬರೆಯುವುದಿಲ್ಲ. ಅಲ್ಲಿನ ಒಂದು ಬೋರ್‌ವೆಲ್ಲಿನ ನೀರಿನಲ್ಲಿ ಯುರೇನಿಯಂ ಇದೆ ಎಂದು ಅಚ್ಚಾದರೆ ಆ ಊರಿಗೆ ಹೆಣ್ಣು ಕೊಡಲು ಹಿಂದೆಮುಂದೆ ನೋಡುತ್ತಾರೆ. ಯುರೇನಿಯಂ ಎಂದ ಕೂಡಲೇ ಬಾಂಬು ನೆನಪಾಗುವುದು ಸಹಜ. ಇಲ್ಲಿ ಅಂಥದ್ದೇನೂ ಇಲ್ಲ. ಕೆಲವು ಬಗೆಯ ಕಲ್ಲಿನಲ್ಲಿ ಅದು ಮೊದಲಿನಿಂದಲೂ ಇದೆ. ಬೋರ್‌ವೆಲ್ ಆಳಕ್ಕಿಳಿದಂತೆ ಆ ಕಲ್ಲಿನ ಸಂದಿನ ನೀರು ಮೇಲೆ ಬರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯೂ ಕೆಡುವುದಿಲ್ಲ. ವರ್ಷಗಟ್ಟಲೆ ಕುಡಿದರೆ ಮೊದಲು ಪೆಟ್ಟು ಬೀಳುವುದು ಮೂತ್ರಪಿಂಡಕ್ಕೆ. ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದು ಗಟ್ಟಿಯಾಗುತ್ತದೆ.

ನಾನು ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಓದಿ, ಅಲ್ಲೇ ಕಲಿಸುತ್ತಿರುವವನು. ಅಡಿಕೆ ಸಿಪ್ಪೆಯನ್ನು ಫಾಸ್ಫರಿಕ್ ಆಮ್ಲದಲ್ಲಿ ನೆನೆಸಿ, ಗಾಳಿಯಾಡದ ಡ್ರಮ್ಮಿನಲ್ಲಿ ಸುಟ್ಟರೆ ಬರುವ ಇದ್ದಿಲಿನ ಮೈತುಂಬ ಕಣ್ಣಿಗೆ ಕಾಣದ ತೂತುಗಳಿರುತ್ತವೆ. ಆ ತೂತುಗಳ ಒಳಗೋಡೆಯಲ್ಲಿ ಆಮ್ಲ ಬಿಟ್ಟುಹೋದ ಕೊಂಡಿಗಳಿರುತ್ತವೆ. ನೀರು ಹಾದುಹೋಗುವಾಗ ಯುರೇನಿಯಂ ಆ ಕೊಂಡಿಗಳಿಗೆ ಸಿಕ್ಕಿಕೊಳ್ಳುತ್ತದೆ. ಒಂದೂವರೆ ವರ್ಷದ ಹಿಂದೆ ಇಂಥ ಇದ್ದಿಲಿನ ಸೋಸುವ ಡ್ರಮ್ಮೊಂದನ್ನು ಓಬಕ್ಕನ ಮನೆಯಲ್ಲಿ ಇಟ್ಟು ಬಂದಿದ್ದೆವು. ಮೇಲೊಂದು ಸ್ಟೀಲ್ ಡ್ರಮ್ಮು, ಕೆಳಗೊಂದು, ನಡುವೆ ಇದ್ದಿಲಿನ ಬಟ್ಟೆಚೀಲ. ಮೂರು ತಿಂಗಳಿಗೊಮ್ಮೆ ಹೊಸ ಚೀಲವನ್ನು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿದ್ದೆ. ಓಬಕ್ಕನ ಗಂಡ ಹನುಮಂತಪ್ಪ ಜಗಳೂರು ಬಸ್ ನಿಲ್ದಾಣಕ್ಕೆ ಬಂದು ಒಯ್ಯುತ್ತಿದ್ದ. ಓಬಕ್ಕ ಹಳೆಯದನ್ನು ಬಿಚ್ಚಿ ಹೊಸದನ್ನು ಕಟ್ಟುತ್ತಿದ್ದರು. ಈ ಒಂದೂವರೆ ವರ್ಷದಲ್ಲಿ ನಾನು ಒಮ್ಮೆಯೂ ಆ ಕಡೆ ಹೋಗಿರಲಿಲ್ಲ.

ಚನ್ನಗಿರಿಗೆ ಬೆಳಗಿನ ಬಸ್ಸು. ಕಿಟಕಿ ಮುಚ್ಚದಷ್ಟು ಹಳೆಯದು, ಚಳಿ ಎದೆಗೆ ನೇರ ಹೊಡೆಯುತ್ತಿತ್ತು. ಸೀಟು ಪೂರ್ತಿ ಹೆಂಗಸರದು. ಅವರು ಉಚಿತ ಟಿಕೆಟಿನ ಚೀಟಿ ಮಡಿಸಿ ಬಳೆಗೆ ಸಿಕ್ಕಿಸಿಕೊಂಡು ಆರಾಮಾಗಿ ಕೂತಿದ್ದರು, ನಾನು ದುಡ್ಡು ಕೊಟ್ಟು ನಿಂತಿದ್ದೆ. ಚನ್ನಗಿರಿ ಹತ್ತಿರವಾದಂತೆ ರಸ್ತೆಯ ಎರಡೂ ಬದಿಗೆ ಸುಲಿದ ಅಡಿಕೆ ಸಿಪ್ಪೆಯ ರಾಶಿ. ಯಾರಿಗೂ ಬೇಡದ ಸಿಪ್ಪೆ. ಕೆಲವು ಕಡೆ ಬೆಂಕಿ ಹಚ್ಚಿದ್ದರು, ಹೊಗೆ ದಾರಿಗೆ ಅಡ್ಡ ಮಲಗಿತ್ತು.

ನಮ್ಮ ಇದ್ದಿಲು ಸುಡುವವರು ಬಾಷಾ ಭಾಯ್. ಊರಂಚಿನಲ್ಲಿ ಅವರ ವೆಲ್ಡಿಂಗ್ ಅಂಗಡಿ. ಗೇಟು, ಟ್ರಾಲಿ, ನೀರಿನ ಟ್ಯಾಂಕಿನ ಸ್ಟ್ಯಾಂಡು ಮಾಡುವ ಮನುಷ್ಯ. ಹಿತ್ತಲಲ್ಲಿ ನನಗಾಗಿ ಒಂದು ಡ್ರಮ್ಮು ಇಟ್ಟಿದ್ದಾರೆ. ಡ್ರಮ್ಮು ಸಾಕಷ್ಟು ಕಾದಿದೆಯೇ ಎಂದು ತಿಳಿಯಲು ನಾನು ಉಷ್ಣಮಾಪಕ ಕೊಟ್ಟಿದ್ದೆ. ಅದನ್ನು ಅವರು ಗೋಡೆಗೆ ನೇತುಹಾಕಿ, ಡ್ರಮ್ಮಿನ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ, ಹನಿ ಕುಣಿಯುವ ಸದ್ದು ಕೇಳಿ ಹೇಳುತ್ತಾರೆ. ಎರಡು ಸಲ ಪರೀಕ್ಷಿಸಿ ನೋಡಿದ ಮೇಲೆ ನಾನು ಉಷ್ಣಮಾಪಕದ ಮಾತೆತ್ತುವುದನ್ನು ಬಿಟ್ಟೆ.

ಐದು ಕಿಲೋ ಇದ್ದಿಲು ಚೀಲಕ್ಕೆ ತುಂಬಿಕೊಡುತ್ತ ಬಾಷಾ ಭಾಯ್ ಕೇಳಿದರು: "ಸಾರ್, ಹೊಸದು ಇಲ್ಲಿಂದ ಹೋಗ್ತದೆ, ಸರಿ. ಹಳೇದನ್ನ ಆ ಯಮ್ಮ ಏನ್ ಮಾಡ್ತಾಳೆ?"

"ಮುಚ್ಚಿಡುತ್ತಾರೆ. ಹೇಳಿದ್ದೇನಲ್ಲ," ಎಂದೆ.

"ಹೇಳಿದ್ರಾ?"

"ನೀವೂ ಇದ್ದಿರಲ್ಲ ಭಾಯ್ ಅವತ್ತು."

"ಇದ್ದೆ, ಇದ್ದೆ. ಹೇಳಿದ್ರಿ, ಖುದಾ ಕಸಂ ಹೇಳಿದ್ರಿ. ಕೋಳಿ ಸಾರು ಉಣ್ಣಾಕೆ ಕೂತಾಗ ಹೇಳಿದ್ರಿ."

ಅವತ್ತು ಓಬಕ್ಕನ ಮನೆಯಲ್ಲಿ ನಾವು ತಿಂದದ್ದು ಉಪ್ಪಿಟ್ಟು. ಹಾಗೆಂದೆ. ಬಾಷಾ ಭಾಯ್ ಕನ್ನಡಕ ಹಣೆಗೇರಿಸಿ ನನ್ನನ್ನು ನೋಡಿದರು. "ಉಪ್ಪಿಟ್ಟು ನೀವು ತಿಂದಿರಬೇಕು. ನಾನು ಕೋಳಿ ತಿಂದೀನಿ. ನಾಲಿಗೆ ಸುಳ್ಳು ಹೇಳಲ್ಲ ಸಾರ್."

ನನ್ನ ಪರವಾಗಿ ಸಾಕ್ಷಿ ಹೇಳಿದ ಒಬ್ಬನೇ ಒಬ್ಬ ಮನುಷ್ಯ ಇಲ್ಲದ ಕೋಳಿಯನ್ನೂ ತಿಂದಿದ್ದ. ನಗುತ್ತಲೇ ಬಸ್ಸು ಹತ್ತಿದೆ. ಆದರೆ ಬಸವಾಪಟ್ಟಣ ದಾಟುವ ಹೊತ್ತಿಗೆ ನಗು ಉಳಿದಿರಲಿಲ್ಲ. ನೀರಿನಿಂದ ತೆಗೆದದ್ದು ಎಲ್ಲಿಗೂ ಮಾಯವಾಗುವುದಿಲ್ಲ. ಮೂರು ತಿಂಗಳ ನೀರಿನಲ್ಲಿ ಚೂರುಚೂರಾಗಿ ಇದ್ದದ್ದು ಒಂದು ಚೀಲದಲ್ಲಿ ಬಂದು ಕೂತಿರುತ್ತದೆ. ಅದನ್ನು ಸುಟ್ಟರೆ ಇದ್ದಿಲು ಹೋಗಿ ಅದು ಬೂದಿಯಲ್ಲಿ ಉಳಿಯುತ್ತದೆ. ಬೂದಿ ಗಾಳಿಗೇಳುತ್ತದೆ, ಕೈಗಂಟುತ್ತದೆ. ಇದನ್ನೆಲ್ಲ ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಓಬಕ್ಕನ ಪಡಸಾಲೆಯಲ್ಲಿ ಹೇಳಿದ್ದೆನೇ? ನೀಲಿ ಅಂಗಿ ಕಣ್ಣಿಗೆ ಬಂದದ್ದು ಆಗಲೇ. ಕೊಯ್ಲಾದ ಗದ್ದೆಯೊಂದರಲ್ಲಿ ದೊಡ್ಡ ಕುರಿಮಂದೆ ತಂಗಿತ್ತು, ಕಂಬಳಿ ಹೊದ್ದವರು ಇಬ್ಬರು ನಿಂತಿದ್ದರು. ಅದನ್ನು ನೋಡಿಯೂ ನೋಡದವನಂತೆ ನನ್ನ ಅಂಗಿಯ ಲೆಕ್ಕದಲ್ಲೇ ಮುಳುಗಿದ್ದೆ. ಓಬಕ್ಕನ ನಂಬರಿಗೆ ಫೋನು ಹಚ್ಚಿದೆ. ಸಂಪರ್ಕ ಸಿಗಲಿಲ್ಲ. ಸಾಸ್ವೆಹಳ್ಳಿಯಲ್ಲಿ ಇನ್ನೊಮ್ಮೆ ಹಚ್ಚಿದೆ. ಸಿಗಲಿಲ್ಲ.

ಹೊನ್ನಾಳಿಯ ವಸತಿಗೃಹದಲ್ಲಿ ರಾತ್ರಿ ಕಳೆದು, ಬೆಳಿಗ್ಗೆ ಏಳಕ್ಕೆಲ್ಲ ತುಂಗಭದ್ರೆಯ ದಡಕ್ಕಿಳಿದೆ. ಸುಟ್ಟ ಇದ್ದಿಲಿನಲ್ಲಿ ಆಮ್ಲ ಉಳಿದಿರುತ್ತದೆ, ತೊಳೆಯಬೇಕು. ಚನ್ನಗಿರಿಯ ಬಾಷಾ ಭಾಯ್ ಅವರ ಬೋರ್‌ವೆಲ್ಲಿನ ನೀರು ಗಡಸು. ಅದರಲ್ಲಿ ತೊಳೆದರೆ ಅದರ ಸುಣ್ಣವೇ ಕೊಂಡಿಗಳನ್ನೆಲ್ಲ ಹಿಡಿದು ಕೂರುತ್ತದೆ. ಹೊಳೆಯ ನೀರು ಮೆದು. ಎರಡು ಪ್ಲಾಸ್ಟಿಕ್ ಬುಟ್ಟಿ ಕೊಂಡು, ದಡದ ಮೇಲೆ ಗುಂಡಿ ತೋಡಿ, ಮೊದಲ ತೊಳೆನೀರಿಗೆ ಸುಣ್ಣ ಬೆರೆಸಿ ಗುಂಡಿಗೆ ಸುರಿದೆ. ಆ ಹುಳಿನೀರನ್ನು ಹೊಳೆಗೆ ಬಿಡುವಂತಿಲ್ಲ.

ಪಕ್ಕದ ಬಂಡೆಯ ಮೇಲೆ ಬಟ್ಟೆ ಒಗೆಯುತ್ತಿದ್ದ ಹೆಂಗಸು ಬಹಳ ಹೊತ್ತು ನೋಡಿ ತಡೆಯಲಾರದೆ ಕೇಳಿದಳು: "ಏನ್ರಿ ಅಣ್ಣಾರೆ, ಇದ್ದಿಲಿಗೆ ಸ್ನಾನ ಮಾಡಿಸ್ತಿದೀರಾ?"

"ಹೌದಮ್ಮ, ನೀರು ಸೋಸಲಿಕ್ಕೆ."

"ಹಂಗಲ್ರಿ ತೊಳೆಯಾದು. ಮ್ಯಾಲೆ ನೀರು ಹುಯ್ದು ಸುಮ್ನೆ ನಿಂತ್ರೆ? ಮನ್ಯಾಗೆ ಒಂದು ಅಕ್ಕಿನಾದ್ರೂ ತೊಳೆದೀರೇನ್ರಿ ನೀವು?" ಎಂದವಳೇ ಸೆರಗು ಸಿಕ್ಕಿಸಿ ಬಂದು, ಬುಟ್ಟಿಯನ್ನು ಓರೆಯಾಗಿ ಹಿಡಿದು, ಅಕ್ಕಿ ಜಾಲಿಸುವ ಹಾಗೆ ತಿರುಗಿಸಿ ತೋರಿಸಿದಳು. ನುಣ್ಣನೆ ಮಸಿಯೆಲ್ಲ ಮೇಲೆ ತೇಲಿ ಬಂತು. ನಾನು ಗಂಟೆಗಟ್ಟಲೆ ಮಾಡುವ ಕೆಲಸ ಹತ್ತು ನಿಮಿಷಕ್ಕೆ ಮುಗಿಯಿತು.

"ಸೋಸಿ ಆದ್ ಮ್ಯಾಲೆ ಒಲಿಗೆ ಹಾಕ್ತೀರಾ?" ಎಂದಳು ಕೈ ತೊಳೆಯುತ್ತ.

"ಇಲ್ಲ. ಎಸೆಯಬೇಕು. ಅಂದರೆ, ಮುಚ್ಚಿಡಬೇಕು."

"ಇಷ್ಟು ಚಲೋ ಇದ್ದಿಲಾ?" ಅವಳು ನನ್ನನ್ನು ನೋಡಿದ ನೋಟದಲ್ಲಿ ಮರುಕವಿತ್ತು. "ಇದ್ದಿಲು ಯಾರ್ ಎಸೀತಾರ್ರಿ?"

ಅಷ್ಟೇ ಮಾತು. ಆದರೆ ಒದ್ದೆ ಚೀಲ ಹೆಗಲಿಗೇರಿಸಿ ನ್ಯಾಮತಿ ಬಸ್ಸಿಗೆ ಕಾಯುವಾಗ ನನಗೆ ಕೂರಲಾಗಲಿಲ್ಲ. ನಿಲ್ದಾಣದ ಈ ತುದಿಯಿಂದ ಆ ತುದಿಗೆ ಓಡಾಡಿದೆ. ಇದ್ದಿಲು ಯಾರು ಎಸೆಯುತ್ತಾರೆ? ಓಬಕ್ಕ ಎಸೆಯುವವರಲ್ಲ. ಹರಿದ ಸೀರೆಯನ್ನು ಕೌದಿ ಮಾಡಿ, ಹರಿದ ಕೌದಿಯನ್ನು ಕುರಿಮರಿಗೆ ಹಾಸುವ ಮನೆ ಅದು.

ನ್ಯಾಮತಿ ದೂರವೇನಲ್ಲ, ಒಂದು ಕಪ್ ಚಹಾ ಕುಡಿದ ಬಿಸಿ ಆರುವುದರೊಳಗೆ ಬಂದಂತಾಗುತ್ತದೆ. ಸವಿತಾ ಅಲ್ಲಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾಳೆ. ಎಂ.ಎಸ್ಸಿ.ಯಲ್ಲಿ ನನ್ನ ವಿದ್ಯಾರ್ಥಿನಿ; ಅವತ್ತು ಓಬಕ್ಕನ ಮನೆಗೆ ಬಂದವರಲ್ಲಿ ಮೂರನೆಯವಳು. ಆ ದಿನದ ಅಳತೆಗಳ ನೋಟ್‌ಬುಕ್ ಅವಳಲ್ಲೇ ಉಳಿದಿತ್ತು. ಊಟದ ಬಿಡುವಿನಲ್ಲಿ ಶಾಲೆಯ ಹೊಂಗೆಮರದ ಕೆಳಗೆ ಕೂತೆವು. ಅವಳ ಡಬ್ಬಿಯ ಮೆಂತ್ಯ ಚಪಾತಿಯಲ್ಲಿ ನನಗೂ ಎರಡು ಸಿಕ್ಕವು.

ನೋಟ್‌ಬುಕ್ ತೆರೆದೆ. ಸವಿತಾಳ ದುಂಡು ಅಕ್ಷರ. ನೀರು ಹರಿದ ವೇಗ, ಇದ್ದಿಲಿನ ತೂಕ, ಹವೆ, ಮಧ್ಯಾಹ್ನ ಉಪ್ಪಿಟ್ಟು (ಅದೊಂದು ಗೆದ್ದೆ). ಹಳೇ ಇದ್ದಿಲಿನ ಬಗ್ಗೆ ಒಂದು ಸಾಲೂ ಇಲ್ಲ.

"ನಾನು ಹೇಳಲಿಲ್ಲವಾ ಸವಿತಾ?"

"ನೀವು ಹೇಳ್ತೀರಿ ಅಂತ ನಾನು ಅಂದ್ಕೊಂಡೆ ಸರ್. ನಾನು ಹೇಳ್ತೀನಿ ಅಂತ ನೀವು ಅಂದ್ಕೊಂಡ್ರೇನೋ."

ಹೀಗೆ ಹೇಳಿದವಳು ಚಪಾತಿ ಮುರಿಯುವುದನ್ನು ನಿಲ್ಲಿಸಿದಳು. "ಸರ್, ಓಬಕ್ಕನ ಮಗಳು ಮಂಜುಳಾ ಹೆರಿಗೆಗೆ ತವರಿಗೆ ಬಂದಿದಾಳೆ, ಗೊತ್ತಾ? ಹೆಣ್ಣು ಮಗು. ಹದಿನೈದು ದಿನದ ಹಿಂದೆ ಓಬಕ್ಕ ಫೋನ್ ಮಾಡಿದ್ರು. ಬಾಣಂತಿಗೆ ಕಾಸಾಕೆ ಇದ್ದಿಲು ಈ ಸಲ ಕೊಳ್ಳಂಗಿಲ್ಲ ಮೇಡಂ, ಮನ್ಯಾಗೇ ಐತೆ ಅಂದ್ರು. ನಾನು ಖುಷಿಯಿಂದ ಹೂಂ ಅಂದ್ಬಿಟ್ಟೆ."

ಈ ಕಡೆಯ ಬಾಣಂತನ ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಹೆತ್ತ ತಾಯಿಯ ಮಂಚದ ಕೆಳಗೆ ಅಗ್ಗಿಷ್ಟಿಕೆ ಇಟ್ಟು, ಇದ್ದಿಲ ಕೆಂಡದಿಂದ ಕಾಸುತ್ತಾರೆ. ಅದೇ ಕೆಂಡಕ್ಕೆ ಲೋಬಾನ, ಓಂಕಾಳು ಹಾಕಿ ಮಗುವಿಗೆ ಹೊಗೆ ಹಿಡಿಯುತ್ತಾರೆ. ಬಾಗಿಲು ಕಿಟಕಿ ಮುಚ್ಚಿರುತ್ತದೆ. ದಿನಕ್ಕೆರಡು ಸಲ, ತಿಂಗಳುಗಟ್ಟಲೆ. ಆ ಮುಚ್ಚಿದ ಕೋಣೆ, ಆ ಬೂದಿ, ಆ ಮಗು ಮೂರೂ ಒಟ್ಟಿಗೇ ನನ್ನ ಕಣ್ಣೆದುರು ಬಂದು ನಿಂತವು. ಇದು ನೆನಪಲ್ಲವಾದ್ದರಿಂದ ಅನುಮಾನಿಸಲೂ ಆಗಲಿಲ್ಲ.

ಸವಿತಾ ತನ್ನ ಫೋನಿನಿಂದ ಹಚ್ಚಿದಳು. ಈ ಸಲ ಸಿಕ್ಕಿತು. ಆದರೆ ಮಾತಾಡಿದ್ದು ಹನುಮಂತಪ್ಪ. ಹಿಂದಿನಿಂದ ಕುರಿಗಳ ಗದ್ದಲ.

"ಓಬಕ್ಕ ಇಲ್ವಾ ಹನುಮಂತಣ್ಣ?"

"ಅಕಿ ಊರಾಗೆ ಅದಾಳೆ ಮೇಡಂ. ನಾನು ಕುರಿ ಹೊಡ್ಕಂಡು ಬಸವಾಪಟ್ಟಣದ ಕಡೆ ಬಂದೀನಿ, ಗದ್ದಿ ಬಯಲಿಗೆ. ಪೋನು ನನ್ ತಾವ ಐತೆ."

"ಮನೇಲಿ ಬಾಣಂತಿಗೆ ಯಾವ ಇದ್ದಿಲು ಹಾಕ್ತಿದಾರೆ ಅಣ್ಣ?"

"ಅದು ಹೆಂಗಸ್ರ ಕೋಣೆ ಮೇಡಂ. ಅಲ್ಲಿ ಏನ್ ಹೊತ್ತಿಸ್ತಾರೋ, ಏನ್ ಆರಿಸ್ತಾರೋ, ನಾನು ಇಣುಕಿದ್ರೆ ನಮ್ಮವ್ವ ಕೋಲು ತಗೀತಾಳೆ."

"ಮಂಜುಳಾ ಫೋನು?"

"ಬಾಣಂತಿ ಕಿವಿಗೆ ಪೋನು ಹಿಡಿಯಂಗಿಲ್ಲ, ಗಾಳಿ ಹೊಗ್ತತಿ ಅಂತ ನಮ್ಮವ್ವ ಟ್ರಂಕಿನಾಗೆ ಹಾಕಿ ಬೀಗ ಹಾಕ್ಯಾಳೆ."

ನಿನ್ನೆ ಬಸ್ಸಿನ ಕಿಟಕಿಯಿಂದ ಕಂಡ ಮಂದೆ ಅವನದೇ ಇದ್ದೀತು. ಇಳಿದು ಕೇಳಿದ್ದರೂ ಇದೇ ಉತ್ತರ ಸಿಗುತ್ತಿತ್ತು ಎಂದು ಸಮಾಧಾನ ಮಾಡಿಕೊಂಡೆ. ಸವಿತಾ ಸ್ಟಾಫ್ ರೂಮಿಗೆ ಓಡಿಹೋಗಿ ಕೈಚೀಲದಿಂದ ಒಂದು ಹಳದಿ ಉಲ್ಲನ್ ಕುಲಾವಿ ತಂದಳು. ತನ್ನ ಅಕ್ಕನ ಮಗುವಿಗೆಂದು ಹೆಣೆಯುತ್ತಿದ್ದದ್ದು. ಕಟ್ಟುವ ದಾರ ಇನ್ನೂ ಒಂದೇ ಕಡೆ ಇತ್ತು. "ಇದನ್ನ ಕೊಡಿ ಸರ್. ಮತ್ತೆ..." ಎಂದು ನಿಲ್ಲಿಸಿದಳು. "ನನ್ನ ಮೇಲೂ ತಪ್ಪಿದೆ ಅಂತ ಹೇಳಿ."

ನ್ಯಾಮತಿಯಿಂದ ಮತ್ತೆ ಹೊನ್ನಾಳಿ, ಹೊನ್ನಾಳಿಯಿಂದ ದಾವಣಗೆರೆ, ದಾವಣಗೆರೆಯಿಂದ ಜಗಳೂರು. ಮೂರು ಬಸ್ಸು. ದಾರಿಯ ಬಗ್ಗೆ ಬರೆಯಲು ಹೆಚ್ಚೇನೂ ಇಲ್ಲ, ಏಕೆಂದರೆ ನಾನು ಸರಿಯಾಗಿ ನೋಡಲಿಲ್ಲ. ದಾವಣಗೆರೆಯಲ್ಲಿ ಹಸಿವಾಗಿ ಮಂಡಕ್ಕಿ ಕಟ್ಟಿಸಿಕೊಂಡದ್ದು, ಅದು ಚೀಲದಲ್ಲೇ ಮೆತ್ತಗಾದದ್ದು ನೆನಪಿದೆ. ಅಲ್ಲಿಂದಾಚೆಗೆ ಹಸಿರು ತೆಳುವಾಗುತ್ತ ಹೋಗಿ, ಕಟಾವಾದ ಮೆಕ್ಕೆಜೋಳದ ಹೊಲಗಳು, ಬಳ್ಳಾರಿ ಜಾಲಿಯ ಪೊದೆಗಳು ಶುರುವಾದವು. ರಸ್ತೆಯ ಅರ್ಧಕ್ಕೆ ತೆನೆ ಹರಡಿದ್ದರಿಂದ ಡ್ರೈವರ್ ಉಳಿದರ್ಧದಲ್ಲಿ ನಡೆಸುತ್ತಿದ್ದ. ಐದು ಗಂಟೆಗೆ ಜಗಳೂರು. ಹಳ್ಳಿಗೆ ಹೋಗುವ ಆಟೋದವನು ಹತ್ತು ಜನ ತುಂಬದೆ ಬಿಡುವುದಿಲ್ಲ ಎಂದ. ಮೂವರ ಜಾಗದ ದುಡ್ಡು ನಾನೇ ಕೊಡುತ್ತೇನೆ ಎಂದೆ. "ಯಾರಿಗಾದ್ರೂ ಹುಷಾರಿಲ್ವೇನ್ರಿ?" ಎಂದು ಕೇಳಿ, ಒಬ್ಬನ ದುಡ್ಡನ್ನಷ್ಟೇ ಇಸಿದುಕೊಂಡು ಹೊರಟ.

ಓಬಕ್ಕನ ಮನೆ ಹಳ್ಳಿಯ ಕೊನೆಗೆ, ಕುರಿಹಟ್ಟಿಯ ಪಕ್ಕ. ಹೊತ್ತು ಇಳಿಯುತ್ತಿತ್ತು. ಬಾಗಿಲ ಮೇಲಿನ ಸಂದಿನಿಂದ ನೀಲಿ ಹೊಗೆ ಬರುತ್ತಿತ್ತು. ಲೋಬಾನದ ವಾಸನೆ ಅಂಗಳದವರೆಗೂ ಹರಡಿತ್ತು.

ಚಪ್ಪಲಿ ಎಲ್ಲಿ ಬಿಟ್ಟೆನೋ ಗೊತ್ತಿಲ್ಲ. ಹೊಸ್ತಿಲಿಗೆ ಕಾಲಿಡುವಷ್ಟರಲ್ಲಿ ಒಳಗಿನಿಂದ ಗದರಿಕೆ ಬಂತು. ಹನುಮಂತಪ್ಪನ ತಾಯಿ ಕೆಂಚಜ್ಜಿ, ಕೈಯಲ್ಲಿ ಬೀಸಣಿಗೆ.

"ಅಲ್ಲೇ ನಿಂದ್ರು! ದಾರಿಮ್ಯಾಲಿಂದ ಬಂದೋನು ಬಾಣಂತಿ ಕೋಣಿಗೆ ಹಂಗೇ ನುಗ್ತೀಯೇನು? ಕೈಕಾಲು ತೊಳಕಂಡು ಗಳಿಗೆ ಕುಂದ್ರು."

"ಅಜ್ಜೀ, ಆ ಅಗ್ಗಿಷ್ಟಿಕೆಯಲ್ಲಿ ಯಾವ ಇದ್ದಿಲು?"

"ಹಾಂ?"

"ಇದ್ದಿಲು! ಯಾವುದು ಹಾಕಿದ್ದೀರಿ?"

"ಕರೇದು. ಬಿಳೇ ಇದ್ದಿಲು ಎಲ್ಲೈತೆ?"

ಒಳಕೋಣೆಯಲ್ಲಿ ಮಗು ಸೀನಿತು. ಅಜ್ಜಿ ನನ್ನ ಕಡೆ ಬೆನ್ನು ತಿರುಗಿಸಿ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಕಲಿಸುವುದು ನನ್ನ ಕಸುಬು. ಗಟ್ಟಿಯಾಗಿ, ಸ್ಪಷ್ಟವಾಗಿ ಮಾತಾಡಬಲ್ಲೆ. ಆದರೆ ಆ ಹೊಸ್ತಿಲಲ್ಲಿ ನಿಂತು, ಕಿವಿ ಮಂದವಾದ ಮುದುಕಿಗೆ, ಮುಚ್ಚಿದ ಬಾಗಿಲಿನ ಈಚೆಯಿಂದ, ಯುರೇನಿಯಂ ಎಂಬುದನ್ನು ಹೇಗೆ ಕೂಗಿ ಹೇಳುವುದು? ಬಚ್ಚಲ ಕಲ್ಲಿನ ಮೇಲೆ ಕಾಲು ತೊಳೆದೆ.

ಆಗ ಓಬಕ್ಕ ಬಂದರು. ತಲೆಯ ಮೇಲೆ ಮೆಕ್ಕೆಜೋಳದ ಸಪ್ಪೆಯ ಹೊರೆ. ಹೊರೆಯ ಕೆಳಗಿನಿಂದಲೇ, "ಅಯ್ಯೋ ಸಾರು! ಒಂದು ಪೋನಾದ್ರೂ ಮಾಡಿ ಬರಬಾರದೇನ್ರಿ?" ಎಂದರು.

"ನಿಮ್ಮ ಫೋನು ಕುರಿ ಹಿಂದೆ ಹೋಗಿದೆ ಓಬಕ್ಕ. ಹಳೇ ಇದ್ದಿಲು ಎಲ್ಲಿ?"

"ನೀರು ಕುಡೀರಿ ಮದ್ಲು."

"ಹಳೇ ಇದ್ದಿಲು, ಓಬಕ್ಕ."

ಅವರು ಹೊರೆ ಕೆಳಗೆ ಹಾಕಿ ನನ್ನ ಮುಖ ನೋಡಿದರು. "ಅದಾ? ಕೂಡಿಟ್ಟೀನಲ್ಲ. ಒಂದೊಂದು ಚೀಲನೂ ಒಣಗ್ಸಿ ಗಡಿಗಿಗೆ ತುಂಬಿಟ್ಟಿದ್ದೆ, ಮಗಳ ಬಾಣಂತನಕ್ಕೆ ಆಗ್ತತಿ ಅಂತ. ಯಾಕ್ರಿ?"

"ಹಾಕಿದಿರಾ?"

"ಹೂಂ, ಅತ್ತಿ ಹಾಕಿದ್ರು, ಮದಲ್ನೇ ದಿನ."

ನಾನು ಜಗಲಿಯ ಮೇಲೆ ಕೂತೆ. ಒಳಗಿನಿಂದ ಕೆಂಚಜ್ಜಿ ಬೀಸಣಿಗೆ ಸಮೇತ ಹೊರಗೆ ಬಂದಳು. ಇದ್ದಿಲಿನ ಮಾತು ಮಾತ್ರ ಅವಳ ಕಿವಿಗೆ ಚೆನ್ನಾಗಿ ಬಿದ್ದಿತ್ತು.

"ಇವನೇ ಏನು ಆ ಇದ್ದಿಲು ಕಳಿಸಾನು? ಬಾರಪ್ಪಾ ಬಾ, ನಿನ್ನೇ ಕೇಳ್ಬೇಕಂತಿದ್ದೆ. ಅದೆಂಥ ಇದ್ದಿಲಯ್ಯಾ ಅದು? ಸೀಮೆಎಣ್ಣಿ ಹಾಕಿದೆ, ಹತ್ತಲಿಲ್ಲ. ಕೆಂಡದ ಮ್ಯಾಲೆ ಇಟ್ಟೆ, ಕೆಂಡನೇ ಆರಿಸ್ತು. ಮೂರು ದಿನ ಊದಿ ಊದಿ ನನ್ನ ಎದಿ ನೋವು ಬಂತು. ಹಸುಗೂಸಿರೋ ಮನ್ಯಾಗೆ ಬೆಂಕಿನೇ ಹಿಡೀದ ಇದ್ದಿಲು ಕೊಟ್ಟೀಯಲ್ಲ, ಎಷ್ಟು ಓದೀಯಪ್ಪಾ ನೀನು?"

"ಹತ್ತಲಿಲ್ಲವಾ?"

"ಹತ್ತಿದ್ರಲ್ವೇ! ಬೈದು ಎಲ್ಲಾನೂ ಆರಿಸಿ ತಿರುಗಿ ಗಡಿಗಿಗೆ ಹಾಕಿದೆ. ಈಗ ಉರಿಯಾದು ಜಾಲಿ ಇದ್ದಿಲು, ಪಕ್ಕದ್ ಮನೇರ್ ತಾವ ಇಸಕಂಡಿದ್ದು."

"ಬೂದಿ?"

"ಏನ್ ಬೂದಿ? ಉರಿದ್ರೆ ತಾನೆ ಬೂದಿ?"

"ಅಜ್ಜಿ, ಹಲ್ಲುಜ್ಜಲಿಕ್ಕೇನಾದರೂ..."

ಕೆಂಚಜ್ಜಿ ಬಾಯಿ ಪೂರ್ತಿ ತೆರೆದು ತೋರಿಸಿದಳು. ಒಳಗೆ ಒಂದೂ ಇರಲಿಲ್ಲ. ಒಳಕೋಣೆಯಿಂದ ಮಂಜುಳಾ ನಕ್ಕದ್ದು ಕೇಳಿಸಿತು.

ಹಿತ್ತಲಿನ ಗಡಿಗೆಯನ್ನು ತೆರೆದು ನೋಡಿದೆ. ಐದು ಚೀಲದ ಇದ್ದಿಲು, ಹೆಚ್ಚುಕಡಿಮೆ ಕಳಿಸಿದಷ್ಟೂ. ಮೇಲಿನ ಕೆಲವು ಚೂರುಗಳಿಗೆ ಸೀಮೆಎಣ್ಣೆಯ ವಾಸನೆ. ಹಾಗಿದ್ದರೂ ಅಗ್ಗಿಷ್ಟಿಕೆಯಲ್ಲಿದ್ದದ್ದನ್ನೆಲ್ಲ ಹೊರಗೆ ಹಾಕಿಸಿ, ಕೋಣೆಯ ನೆಲವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿಸಿ, ಬೇರೆ ಅಗ್ಗಿಷ್ಟಿಕೆ ತರಿಸಿದೆ. ಆಮೇಲೆ ಜಗಲಿಯ ಮೇಲೆ ಕೂತು ಓಬಕ್ಕನಿಗೆ ಎಲ್ಲವನ್ನೂ ಹೇಳಿದೆ: ನೀರಿನಿಂದ ಹೋದದ್ದು ಎಲ್ಲಿಗೆ ಹೋಯಿತು, ಎಲ್ಲಿ ಕೂತಿದೆ, ಸುಟ್ಟರೆ ಏನಾಗುತ್ತಿತ್ತು. ಅವರು ಮಧ್ಯೆ ಒಮ್ಮೆ ಒಳಕೋಣೆಯ ಕಡೆ ಕತ್ತು ತಿರುಗಿಸಿ ನೋಡಿದರು.

"ಇದನ್ನ ಮದ್ಲೇ ಹೇಳ್ಬೇಕಿತ್ತಲ್ಲ ಸಾರು," ಎಂದರು ಕೊನೆಗೆ, ಮೆಲ್ಲಗೆ.

"ಹೇಳಿದ್ದೆನೋ ಇಲ್ಲವೋ ನನಗೆ ನೆನಪಿಲ್ಲ ಓಬಕ್ಕ. ಅದನ್ನು ಕೇಳಲಿಕ್ಕೇ ಬಂದೆ. ಹೇಳಿದ್ದೆನಾ?"

ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಯೋಚಿಸಿದರು. ನನಗಾಗಿ ನಿಜವಾಗಿಯೂ ಹುಡುಕುತ್ತಿದ್ದರು. "ನನಗೂ ನೆಪ್ಪಿಲ್ರಿ. ಅವತ್ತು ನೀವು ಬಾಳ ಹೇಳಿದ್ರಿ. ನಾನು ನೀರಿನ ಮಾತು ಹಿಡಕಂಡೆ. ಇದ್ದಿಲಿನ ಮಾತು ನೀವು ಬಿಟ್ರೋ, ನಾನು ಬಿಟ್ಟೆನೋ." ಆಮೇಲೆ, "ಈಗ ಹೇಳ್ರಿ. ಮಂಜಿನೂ ಕೇಳ್ಲಿ," ಎಂದರು.

ಹೇಳಿದೆ. ಓಬಕ್ಕ ತಿರುಗಿ ಹೇಳಿದರು. ಹತ್ತಿ ತುರುಕಿ ಕಟ್ಟಿದ ಕಿವಿಗಳ ಮಂಜುಳಾ ಬಾಗಿಲ ಸಂದಿನಿಂದ ತಿರುಗಿ ಹೇಳಿದಳು. ಕೆಂಚಜ್ಜಿ, "ಅದು ಹತ್ತಾದೇ ಇಲ್ಲ, ಅದಕ್ಯಾಕೆ ಇಷ್ಟು ಪಾಠ?" ಎಂದು ಗೊಣಗಿದಳು. ಸವಿತಾಳ ಕುಲಾವಿಯನ್ನೂ ಮಾತನ್ನೂ ಒಪ್ಪಿಸಿದೆ. ಓಬಕ್ಕ ಅದಕ್ಕೆ, "ಆ ಹುಡುಗಿ ಊಟ ಮಾಡಿತ್ತೇನ್ರಿ ಮಧ್ಯಾಹ್ನ?" ಎಂದಷ್ಟೇ ಕೇಳಿದರು.

ನಾನು ಗಳಿಗೆ ಕೂತದ್ದು ಸಾಕಾಯಿತೆಂದು ಕೆಂಚಜ್ಜಿಗೆ ಅನ್ನಿಸಿದ ಮೇಲೆ ಓಬಕ್ಕ ಮಗುವನ್ನು ತಂದು ನನ್ನ ಮಡಿಲಿಗೆ ಹಾಕಿದರು. ಕೌದಿಯ ಒಳಗಿನ ಬಿಸಿ ಮುದ್ದೆ. ಹಳದಿ ಕುಲಾವಿ ದೊಡ್ಡದಾಗಿ ಕಣ್ಣಿನ ಮೇಲೆ ಇಳಿದಿತ್ತು. ಅದನ್ನು ಸರಿಸಿದರೆ ಒಂದು ಕಣ್ಣು ತೆರೆದು, ನನ್ನನ್ನು ಅಷ್ಟೇನೂ ನಂಬದ ಮುಖ ಮಾಡಿ, ಮತ್ತೆ ಮುಚ್ಚಿತು. ಬಾಣಂತನದ ಹೊಗೆ, ಕಿವಿಯ ಗಾಳಿ, ಇವುಗಳ ಮೇಲೆ ನನಗೆ ವಿಶ್ವಾಸವಿಲ್ಲ; ಮುಚ್ಚಿದ ಕೋಣೆಯ ಹೊಗೆ ಎಳೆಗೂಸಿಗೆ ಒಳ್ಳೆಯದಲ್ಲ ಎಂದು ಓಬಕ್ಕನಿಗೆ ಹೇಳಿಯೂ ಹೇಳಿದೆ. ಕಿಟಕಿ ಅರ್ಧ ತೆರೆಯಲು ಒಪ್ಪಿಸಲು ಅರ್ಧ ಗಂಟೆ ಹಿಡಿಯಿತು. ಆದರೆ ಮಗು ಮಡಿಲಲ್ಲಿ ಇದ್ದಷ್ಟು ಹೊತ್ತು ಲೋಬಾನದ ವಾಸನೆ ಕೆಟ್ಟದೆನಿಸಲಿಲ್ಲ, ಅದನ್ನೂ ಬರೆಯಬೇಕು.

ಮರುದಿನ ಬೆಳಿಗ್ಗೆ ಡ್ರಮ್ಮಿನ ಹಳೇ ಇದ್ದಿಲನ್ನೂ ಗಡಿಗೆಗೆ ಸೇರಿಸಿ, ಹೊಸ ಚೀಲ ಕಟ್ಟಿ, ಸೋಸುವ ಮುಂಚಿನ ನೀರು, ಸೋಸಿದ ನೀರು ಎರಡನ್ನೂ ಬಾಟಲಿಗೆ ತುಂಬಿಕೊಂಡೆ. ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟರು. ಇನ್ನು ಮುಂದೆ ಹೊಸ ಚೀಲ ಬಂದ ಬಸ್ಸಿನಲ್ಲೇ ಹಳೇ ಚೀಲ ತಿರುಗಿ ಬರಬೇಕೆಂದು ಗೊತ್ತು ಮಾಡಿಕೊಂಡೆವು. ಗಡಿಗೆಯ ಬಾಯಿಗೆ ಪ್ಲಾಸ್ಟಿಕ್ ಬಿಗಿದು ತೊಡೆಯ ಮೇಲಿಟ್ಟುಕೊಂಡು ಜಗಳೂರಿನಿಂದ ಹೊರಡುವ ಬಸ್ಸಿನಲ್ಲಿ ಕೂತೆ.

"ತುಪ್ಪನೇನ್ರಿ?" ಎಂದ ಕಂಡಕ್ಟರ್.

"ಇದ್ದಿಲು."

"ಜಗಳೂರಿಂದ ಇದ್ದಿಲಾ? ಅಷ್ಟು ಜ್ವಾಕ್ಯಾಗಿ?" ಎಂದು ನಗುತ್ತ ಮುಂದೆ ಹೋದ. ಹಿಂದಿನ ಗಾಜಿನಲ್ಲಿ ಊರು ಧೂಳಿನೊಳಗೆ ಸಣ್ಣದಾಗುತ್ತಿತ್ತು. ಮೆಕ್ಕೆಜೋಳದ ರಾಶಿಯ ಮೇಲೆ ಯಾರೋ ಕೈ ಬೀಸಿದಂತಿತ್ತು. ಓಬಕ್ಕ ನಿಲ್ದಾಣದವರೆಗೆ ಬಂದಿರಲಿಲ್ಲ, ಹಾಗಾಗಿ ಅದು ಅವರಾಗಿರಲಾರದು. ನಾನೂ ಕೈ ಬೀಸಿದೆ.

ಕೆಂಚಜ್ಜಿಯ ಮಾತನ್ನು ನಾನು ನಂಬಿದ್ದೆ; ನಂಬಲೇಬೇಕೆಂದು ನನಗೆ ಅಷ್ಟು ಆಸೆಯಿದ್ದುದರಿಂದಲೇ ಆ ನಂಬಿಕೆಯ ಮೇಲೆ ಅನುಮಾನ ಬಂತು. ಪ್ರಯೋಗಾಲಯಕ್ಕೆ ಮರಳಿದ ದಿನ, ಹೊಗೆ ಹೊರಗೆಳೆಯುವ ಕಪಾಟಿನೊಳಗೆ, ಗಡಿಗೆಯ ತಳದಿಂದ ತೆಗೆದು ಒಣಗಿಸಿದ ಒಂದು ಚೂರನ್ನೂ, ಆಮ್ಲ ಸೋಕದ ಸಾದಾ ಸಿಪ್ಪೆಯ ಇದ್ದಿಲಿನ ಒಂದು ಚೂರನ್ನೂ ಒಂದೇ ಜ್ವಾಲೆಗೆ ಹಿಡಿದೆ. ಎರಡೂ ಕೆಂಪಾದವು. ಜ್ವಾಲೆ ತೆಗೆದೆ. ಸಾದಾದು ಕೆಂಡವಾಗಿಯೇ ಉಳಿದು, ನಿಧಾನವಾಗಿ ಬೂದಿಯಾಯಿತು. ನಮ್ಮದು ನೋಡನೋಡುತ್ತ ಕಪ್ಪಾಯಿತು. ಫಾಸ್ಫರಸ್ ಬೆರೆತ ಇದ್ದಿಲು ಬೆಂಕಿಗೆ ಸುಲಭಕ್ಕೆ ಬಗ್ಗುವುದಿಲ್ಲ ಎಂದು ಪುಸ್ತಕದಲ್ಲೂ ಇತ್ತು. ನಾನೇ ಅಡಿಗೆರೆ ಎಳೆದಿದ್ದೆ, ಎಳೆದದ್ದು ನೆನಪಿರಲಿಲ್ಲ. ಬೇರೆ ಬೇರೆ ಚೂರು ತೆಗೆದುಕೊಂಡು ಇನ್ನೆರಡು ಸಲ ಮಾಡಿದೆ. ಮೂರು ಸಲವೂ ಅದು ಹತ್ತಲಿಲ್ಲ.